ಶಿಶುವಿಹಾರಕ್ಕೆ ಹೊರಟ ಮಗಳಿಗೆ ಮೊದಲು ಏನು ಕಲಿಸಲಿ?

ಪ್ರಶ್ನೆ: ನನ್ನ ಮಗಳಿಗೆ ಈಗ ಮೂರು ವರ್ಷ ನಾಲ್ಕು ತಿಂಗಳು. ಇನ್ನೆರಡು ತಿಂಗಳಲ್ಲಿ ಶಿಶುವಿಹಾರಕ್ಕೆ ಸೇರಿಸಬೇಕು. ಹುಟ್ಟಿದಾಗಿನಿಂದ ನನ್ನನ್ನೋ ಅಜ್ಜಿಯನ್ನೋ ಬಿಟ್ಟು ಇದ್ದವಳೇ ಅಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಾಳೆ, ಹೊಸಬರು ಬಂದರೆ ನನ್ನ ಬೆನ್ನ ಹಿಂದೆ ಅವಿತುಕೊಳ್ಳುತ್ತಾಳೆ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಆಗಲೇ ಅಕ್ಷರ ಬರೆಯುತ್ತಾನೆ, ನೂರರವರೆಗೆ ಎಣಿಸುತ್ತಾನೆ. ಇವಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಗೀಚುತ್ತಾಳೆ, ಅಷ್ಟೆ. ಹಗಲು ಡೈಪರ್ ಬಿಟ್ಟಿದ್ದಾಳೆ, ರಾತ್ರಿ ಇನ್ನೂ ಬೇಕು. ಮನೆಯ ಮಾತು ಒಂದು, ಶಾಲೆಯ ಭಾಷೆ ಇನ್ನೊಂದು. ‘ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ ಬಿಡು’ ಎನ್ನುತ್ತಾರೆ ನನ್ನ ಗಂಡ. ‘ಆಟದಲ್ಲಿ ಮುಳುಗಿರುವಾಗ ಮೆಲ್ಲಗೆ ಎದ್ದು ಬಂದುಬಿಡು’ ಎನ್ನುತ್ತಾರೆ ಅತ್ತೆ. ಈ ಎರಡು ತಿಂಗಳಲ್ಲಿ ಅವಳಿಗೆ ಏನೇನು ಕಲಿಸಬೇಕು?

ಉತ್ತರ: ಪಕ್ಕದ ಮನೆಯ ಹುಡುಗನನ್ನು ಮೊದಲು ಬದಿಗಿಡೋಣ, ನಿಮ್ಮ ನಿದ್ದೆ ಕೆಡಿಸಿರುವುದು ಅವನೇ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ನೂರರವರೆಗೆ ಒಪ್ಪಿಸುವ ಮಗುವಿಗೆ ‘ಆ ಡಬ್ಬಿಯಿಂದ ನಾಲ್ಕು ಚಮಚ ತಂದುಕೊಡು’ ಎಂದು ಹೇಳಿ ನೋಡಿ. ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟನ್ನೂ ತಂದು ಸುರಿಯುತ್ತಾರೆ. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಎಂಬ ತಿಳಿವಳಿಕೆ ಬರುವುದು ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ. ಅದಕ್ಕೂ ಮುಂಚಿನದು ಬಾಯಿಪಾಠ. ತಪ್ಪೇನಿಲ್ಲ, ಆದರೆ ಅದನ್ನು ನೋಡಿ ನಿಮ್ಮ ಮಗಳು ಹಿಂದೆ ಬಿದ್ದಿದ್ದಾಳೆ ಎಂದುಕೊಳ್ಳಬೇಡಿ.

ಪೆನ್ಸಿಲ್ಲಿನ ವಿಷಯವೂ ಹಾಗೆಯೇ. ಹುಟ್ಟಿದಾಗ ಮಣಿಕಟ್ಟಿನ ಎಂಟು ಮೂಳೆಗಳೂ ಮೆದು ಎಲುಬುಗಳೇ. ಅವು ಒಂದೊಂದಾಗಿ ಗಟ್ಟಿಯಾಗುತ್ತ ಹೋಗಿ, ಎಂಟನೆಯದರ ಸರದಿ ಬರುವ ಹೊತ್ತಿಗೆ ಮಗುವಿಗೆ ಎಂಟರಿಂದ ಹನ್ನೆರಡು ವರ್ಷ ಆಗಿರುತ್ತದೆ. ಕೈ ಮೊದಲು ಮುಷ್ಟಿಯಲ್ಲಿ ಹಿಡಿಯುತ್ತದೆ, ಆಮೇಲೆ ಬೆರಳುಗಳನ್ನು ಕೆಳಮುಖವಾಗಿ ಚಾಚಿ ಹಿಡಿಯುತ್ತದೆ, ಹೆಬ್ಬೆರಳು ಮತ್ತು ಎರಡು ಬೆರಳುಗಳ ಹಿಡಿತ ನೆಲೆಗೊಳ್ಳುವುದು ನಾಲ್ಕರಿಂದ ಆರು ವರ್ಷದ ನಡುವೆ. ಮೂರು ವರ್ಷದ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸಿದರೆ ಅಕ್ಷರವೇನೋ ಮೂಡುತ್ತದೆ, ಬೇಗ ದಣಿಯುವ ಕೈಯೂ ಬರೆಯುವುದೆಂದರೆ ಓಡುವ ಮಗುವೂ ಜೊತೆಗೆ ಸಿಗಬಹುದು. ಅದರ ಬದಲು ಹಿಟ್ಟು ನಾದಲಿ, ಕಾಗದ ಹರಿಯಲಿ, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲಿ, ಜೋತುಬೀಳಲಿ, ಹತ್ತಲಿ. ಭುಜ ಗಟ್ಟಿಯಾದ ಮೇಲೆ ಮೊಣಕೈ, ಅದಾದ ಮೇಲೆ ಬೆರಳು. ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನು 1840ರಲ್ಲಿ ಕೊಟ್ಟ ಫ್ರೆಡ್ರಿಕ್ ಫ್ರೋಬೆಲ್ ಮಕ್ಕಳ ಕೈಗೆ ಇಟ್ಟದ್ದು ನೂಲಿನ ಚೆಂಡು, ಮರದ ಗೋಳ, ಘನಾಕೃತಿಯ ತುಂಡುಗಳನ್ನು. ಪುಟ್ಟ ಮಕ್ಕಳ ಶಾಲೆ ಹುಟ್ಟಿದ್ದೇ ಆಟಕ್ಕೆ. ನಡುವೆ ಎಲ್ಲೋ ನಾವು ಅದನ್ನು ಒಂದನೇ ತರಗತಿಯ ಪ್ರವೇಶ ಪರೀಕ್ಷೆ ಮಾಡಿಕೊಂಡೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ತಿಂಗಳಲ್ಲಿ ಒಂದೇ ಒಂದನ್ನು ಕಲಿಸಲು ಸಾಧ್ಯ ಎಂದಾದರೆ ನಾನು ಆರಿಸುವುದು ಇದನ್ನು: ನೀವಲ್ಲದ, ಅಜ್ಜಿಯೂ ಅಲ್ಲದ ಒಬ್ಬ ದೊಡ್ಡವರ ಹತ್ತಿರ ಹೋಗಿ ತನಗೆ ಬೇಕಾದ್ದನ್ನು ಕೇಳುವುದು.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ನಿಮ್ಮ ಮನೆಯ ಒಂದು ದಿನವನ್ನು ಗಮನಿಸಿ. ಅವಳು ತುಟಿ ಒದ್ದೆ ಮಾಡಿಕೊಂಡರೆ ಅಜ್ಜಿಗೆ ಬಾಯಾರಿಕೆ ಎಂದು ಗೊತ್ತಾಗುತ್ತದೆ. ಕಾಲಿನ ಮೇಲೆ ಕಾಲು ಹಾಕಿ ಕುಣಿದರೆ ನಿಮಗೆ ಸುಸು ಎಂದು ತಿಳಿಯುತ್ತದೆ. ಕೇಳುವ ಮೊದಲೇ ಕೊಡುವುದು ನಮಗೆ ಪ್ರೀತಿಯ ರೂಢಿ. ಹಾಗಾಗಿ ಕೇಳುವ ಪ್ರಮೇಯವೇ ಮಗುವಿಗೆ ಬಂದಿರುವುದಿಲ್ಲ. ತರಗತಿಯಲ್ಲಿ ಒಬ್ಬ ಟೀಚರ್, ಹದಿನೈದೋ ಇಪ್ಪತ್ತೋ ಮಕ್ಕಳು. ಜೋರಾಗಿ ಅಳುವ ಮಗುವಿನ ಕಡೆಗೆ ಎಲ್ಲರೂ ಓಡುತ್ತಾರೆ. ಒದ್ದೆಯಾದ ಚಡ್ಡಿಯಲ್ಲಿ ಮೂಲೆಯಲ್ಲಿ ಕುಳಿತ ಮೌನಿ ಮಗು ಯಾರ ಕಣ್ಣಿಗೂ ಬೀಳದೆ ಅರ್ಧ ದಿನ ಕಳೆದುಬಿಡಬಹುದು. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗಳು ಎರಡನೆಯ ಗುಂಪಿನವಳು.

ಹಾಗಾಗಿ ಮನೆಯಲ್ಲಿ ಸ್ವಲ್ಪ ನಿಧಾನವಾಗಿ. ನೀರಿನ ಕಡೆ ಬೆರಳು ತೋರಿಸಿದಾಗ ಅರ್ಥವಾದರೂ ತಕ್ಷಣ ಎದ್ದೇಳಬೇಡಿ, ಅವಳ ಮುಖ ನೋಡುತ್ತ ಐದಾರು ಸೆಕೆಂಡು ಕಾಯಿರಿ. ಬಾಯಿ ಬಿಟ್ಟು ಕೇಳಿದಳೋ, ಕೂಡಲೇ ಕೊಡಿ. ‘ಸರಿಯಾಗಿ ಕೇಳು’, ‘ಪೂರ್ತಿ ವಾಕ್ಯ ಹೇಳು’ ಎಂದು ಸತಾಯಿಸುವ ಪಾಠ ಬೇಡ. ಕೇಳಿದರೆ ಸಿಗುತ್ತದೆ ಎಂಬ ನಂಬಿಕೆಯೇ ಇಲ್ಲಿ ಪಾಠ. ಇಷ್ಟದ ಆಟಿಕೆಯನ್ನು ಅವಳಿಗೆ ತೆಗೆಯಲಾಗದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅವಳು ನಿಮ್ಮ ಹತ್ತಿರ ತಂದಾಗ ‘ಚಿಕ್ಕಪ್ಪನಿಗೆ ಕೊಡು, ತೆಗೆದುಕೊಡು ಅನ್ನು’ ಎನ್ನಿ. ಚಿಕ್ಕಪ್ಪ ಪಕ್ಕದಲ್ಲೇ ಇರಲಿ, ನೀವೂ ಇರಿ. ಮುಂದಿನ ವಾರ ನೀವು ಪಕ್ಕದ ಕೋಣೆಯಲ್ಲಿರಿ. ಅದರಾಚೆ ಪರಿಚಯದ ಮನೆಗೆ ಹೋದಾಗ ನೀರು ಬೇಕೆಂದು ಆ ಮನೆಯವರನ್ನೇ ಕೇಳಲಿ. ನಿಮ್ಮ ಕಿವಿಯಲ್ಲಿ ಪಿಸುಗುಟ್ಟಿದರೆ ಅವಳ ಪರವಾಗಿ ನೀವು ಕೇಳಿಬಿಡಬೇಡಿ. ಅವಳ ಜೊತೆ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲಿ. ಅವಳಿಂದ ಅರ್ಧ ಪದ ಹೊರಟರೂ ಸಾಕು. ಹೊರಡದಿದ್ದರೆ ಆ ದಿನಕ್ಕೆ ಬೆರಳು ತೋರಿಸಿದ್ದೇ ಸಾಕು, ಕೊಡಿಸಿ ಮುಂದೆ ಹೋಗಿ.

ಅವಳ ಎದುರಿಗೆ ‘ಇವಳಿಗೆ ಸಂಕೋಚ ಜಾಸ್ತಿ, ಮಾತೇ ಆಡಲ್ಲ’ ಎಂದು ಬಂದವರಿಗೆಲ್ಲ ಹೇಳುವುದನ್ನು ಇವತ್ತಿನಿಂದ ನಿಲ್ಲಿಸಿ, ಅತ್ತೆಯವರಿಗೂ ಹೇಳಿ. ಮೂರು ವರ್ಷದ ಮಗು ತನ್ನ ಬಗ್ಗೆ ದೊಡ್ಡವರು ಹೇಳಿದ್ದನ್ನು ಹಾಗೆಯೇ ನಂಬುತ್ತದೆ. ಕೇಳಿದವರಿಗೆ ‘ಸ್ವಲ್ಪ ಹೊತ್ತು ನೋಡಿ ಆಮೇಲೆ ಮಾತಾಡ್ತಾಳೆ’ ಎನ್ನಿ, ಅದು ಸುಳ್ಳೂ ಅಲ್ಲ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಜೆರೋಮ್ ಕಗನ್ ನಾಲ್ಕು ತಿಂಗಳ ಶಿಶುಗಳನ್ನು ನೋಡಿ, ಅವರಲ್ಲಿ ಸುಮಾರು 20 ಪ್ರತಿಶತದಷ್ಟು ಮಂದಿ ಹೊಸ ಸದ್ದು, ಹೊಸ ವಸ್ತು ಎದುರಾದರೆ ಕೈಕಾಲು ಬಡಿದು ಅಳುವವರು ಎಂದು ಗುರುತಿಸಿದರು. ಮುಂದೆ ಹೊಸಬರ ಎದುರು ಹಿಂದೆ ಸರಿಯುವ ಮಕ್ಕಳಾಗುವ ಸಾಧ್ಯತೆ ಇವರಲ್ಲಿ ಹೆಚ್ಚು. ಎಂದರೆ ಇದು ಹುಟ್ಟುಗುಣ, ಸಾಕಿದ ರೀತಿಯ ದೋಷವಲ್ಲ. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಬಹುಪಾಲು ಮಂದಿ ವಿಪರೀತ ಅಂಜುಬುರುಕರೇನೂ ಆಗಲಿಲ್ಲ. ಮೆಲ್ಲಗೆ, ಆದರೆ ಬಿಡದೆ ಹೊಸದರ ಪರಿಚಯ ಮಾಡಿಸಿದ ಮನೆಗಳಲ್ಲಿ ಅಂಜಿಕೆ ಇಳಿಯುತ್ತದೆ. ಕೊಂಕುಳಲ್ಲೇ ಇಟ್ಟುಕೊಂಡರೂ ಇಳಿಯದು, ತಳ್ಳಿದರೂ ಇಳಿಯದು.

ಇನ್ನು ಬಿಟ್ಟು ಬರುವ ವಿಷಯ. ಇಲ್ಲಿ ನಿಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಅತ್ತೆಯವರದನ್ನು ಖಂಡಿತ ಒಪ್ಪಲಾರೆ, ಯಜಮಾನರದನ್ನು ಅರ್ಧ ಒಪ್ಪುತ್ತೇನೆ.

ಹೇಳದೆ ಎದ್ದು ಬಂದರೆ ಆ ಕ್ಷಣದ ಅಳು ತಪ್ಪುತ್ತದೆ, ಅದೂ ನಿಮ್ಮ ಕಿವಿಗೆ ಮಾತ್ರ. ತಲೆ ಎತ್ತಿ ನೋಡಿದಾಗ ಅಮ್ಮ ಇಲ್ಲ. ಅದರಿಂದ ಮಗು ಕಲಿಯುವುದು ಇಷ್ಟೆ: ನಾನು ಕಣ್ಣು ಬೇರೆ ಕಡೆ ಹಾಯಿಸಿದರೆ ಅಮ್ಮ ಮಾಯವಾಗುತ್ತಾಳೆ. ಮಾರನೆಯ ದಿನದಿಂದ ಅದು ಆಟಿಕೆಯ ಕಡೆ ನೋಡುವುದಿಲ್ಲ, ನಿಮ್ಮನ್ನೇ ಕಾಯುತ್ತದೆ. ಮನೆಯಲ್ಲೂ ಬಚ್ಚಲಿಗೆ ಹೋಗಲು ಬಿಡುವುದಿಲ್ಲ. ಅಗಲಿಕೆಯ ಭಯ ಎಂಟು ತಿಂಗಳ ಸುಮಾರಿಗೆ ಶುರುವಾಗಿ, ಒಂದೂವರೆ ವರ್ಷದ ಆಸುಪಾಸಿನಲ್ಲಿ ಏರಿ, ಮೂರರ ಹೊತ್ತಿಗೆ ಬಹುತೇಕ ಇಳಿದಿರುತ್ತದೆ. ಹೊಸ ಜಾಗ, ಹೊಸ ಮುಖಗಳು ಅದನ್ನು ಮತ್ತೆ ಎಬ್ಬಿಸುತ್ತವೆ. ಆಗ ಅವಳ ಕೈಯಲ್ಲಿರುವ ಒಂದೇ ಬಂಡವಾಳ ‘ಅಮ್ಮ ಹೇಳಿದ ಹಾಗೆ ಬರುತ್ತಾಳೆ’ ಎಂಬ ನಂಬಿಕೆ. ಅದನ್ನೇ ಕಳೆದರೆ ಹೇಗೆ?

ಯಜಮಾನರು ಹೇಳಿದಂತೆ ಅವಳು ಅಳುವುದು ನಿಜ, ಅಳುವುದರಿಂದ ಕೆಡುವುದೇನೂ ಇಲ್ಲ. ಕೆಡುವುದು ಒಬ್ಬಳೇ ಅತ್ತು ಸುಮ್ಮನಾದಾಗ. ಸಮಾಧಾನಗೊಂಡು ಸುಮ್ಮನಾಗುವುದು ಒಂದು, ಅತ್ತು ಪ್ರಯೋಜನವಿಲ್ಲವೆಂದು ಸುಮ್ಮನಾಗುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಜರ್ಮನಿಯ ಅನೇಕ ಶಿಶುಕೇಂದ್ರಗಳಲ್ಲಿ ರೂಢಿಯಲ್ಲಿರುವ ‘ಬರ್ಲಿನ್ ಮಾದರಿ’ ಇದನ್ನು ಚೆನ್ನಾಗಿ ಹಿಡಿದಿದೆ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಕೋಣೆಯಲ್ಲೇ ಸುಮ್ಮನೆ ಕುಳಿತಿರುತ್ತಾರೆ, ಬಿಟ್ಟುಹೋಗುವ ಮಾತೇ ಇಲ್ಲ. ನಾಲ್ಕನೆಯ ದಿನ ಹೇಳಿ ಹೊರಗೆ ಹೋಗುತ್ತಾರೆ, ಹೆಚ್ಚೆಂದರೆ ಅರ್ಧ ಗಂಟೆ. ಆಗ ಶಿಕ್ಷಕಿ ನೋಡುವುದು ಮಗು ಅತ್ತಿತೇ ಎಂಬುದನ್ನಲ್ಲ. ಅತ್ತಾಗ ತಾನು ಎತ್ತಿಕೊಂಡರೆ ಸಮಾಧಾನವಾಯಿತೇ ಎಂಬುದನ್ನು. ಆಯಿತೆಂದರೆ ಹೊತ್ತು ಹೆಚ್ಚಿಸುತ್ತಾರೆ, ಇಲ್ಲವೆಂದರೆ ಇನ್ನೂ ಕೆಲವು ದಿನ ಕಾಯುತ್ತಾರೆ. ನಿಮ್ಮ ಶಾಲೆ ಇಷ್ಟು ಅವಕಾಶ ಕೊಡದಿರಬಹುದು. ಆದರೂ ಮೊದಲ ವಾರ ಒಂದೆರಡು ಗಂಟೆ ಮಾತ್ರ ಬಿಡಬಹುದೇ, ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ದಿನವೂ ಅವರೇ ಇರುತ್ತಾರೆಯೇ ಎಂದು ಈಗಲೇ ಕೇಳಿ. ಶುಲ್ಕ, ಪಠ್ಯಕ್ರಮದ ಬಗ್ಗೆ ಕೇಳುವಷ್ಟೇ ಧೈರ್ಯವಾಗಿ ಕೇಳಿ. ಉತ್ತರ ಹೇಳಲು ಯಾರಿಗೂ ಪುರುಸೊತ್ತಿಲ್ಲದ ಶಾಲೆ ಬಣ್ಣದ ಗೋಡೆಗಳಿಂದ ನಿಮ್ಮನ್ನು ಮರುಳು ಮಾಡದಿರಲಿ.

ಬಿಟ್ಟಿರುವ ಅಭ್ಯಾಸ ಶಾಲೆಯ ಬಾಗಿಲಲ್ಲೇ ಶುರುವಾಗಬಾರದು. ಈ ವಾರದಿಂದಲೇ, ಅವಳಿಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಳಿ ಬಿಟ್ಟು ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ. ಆಮೇಲೆ ಒಂದು ಗಂಟೆ, ಆಮೇಲೆ ಅರ್ಧ ದಿನ. ಪ್ರತಿ ಸಲವೂ ಹೇಳಿಯೇ ಹೋಗಿ. ಹೇಳುವಾಗ ಗಡಿಯಾರದ ಭಾಷೆ ಬೇಡ; ‘ಹನ್ನೆರಡು ಗಂಟೆಗೆ ಬರ್ತೀನಿ’ ಎಂಬುದು ಮೂರು ವರ್ಷದವಳಿಗೆ ಏನೂ ಅಲ್ಲ. ‘ನೀನು ಊಟ ಮಾಡಿ, ಕೈ ತೊಳ್ಕೊಂಡ ಮೇಲೆ ಬರ್ತೀನಿ’ ಎಂದರೆ ಅರ್ಥವಾಗುತ್ತದೆ, ಒಂದಾದ ಮೇಲೊಂದು ಆಗುವುದನ್ನು ಅವಳು ಎಣಿಸಿಕೊಳ್ಳಬಲ್ಲಳು. ಹೇಳಿದ ಹೊತ್ತಿಗಿಂತ ತುಸು ಮೊದಲೇ ಬನ್ನಿ. ‘ಇಲ್ಲೇ ಹೊರಗೆ ಕೂತಿರ್ತೀನಿ’ ಎಂದು ಹೇಳಿ ಮನೆಗೆ ಹೋಗಬೇಡಿ. ಕಿಟಕಿಯಿಂದ ಇಣುಕಿದ ದಿನ ಸುಳ್ಳು ಬಯಲಾಗುತ್ತದೆ.

ಬಾಗಿಲಲ್ಲಿ ಬೀಳ್ಕೊಡುವುದು ಚಿಕ್ಕದಾಗಿರಲಿ, ದಿನವೂ ಒಂದೇ ಥರ ಇರಲಿ. ಒಂದು ಅಪ್ಪುಗೆ, ನಿಮ್ಮಿಬ್ಬರದೇ ಒಂದು ಮಾತು, ಟೀಚರ್ ಕೈಗೆ ಕೈ, ಅಷ್ಟೆ. ತಿರುಗಿ ತಿರುಗಿ ನೋಡುವುದು, ‘ಅಳಬೇಡ ಚಿನ್ನಾ’ ಎನ್ನುತ್ತ ನಾಲ್ಕು ಸಲ ವಾಪಸ್ ಬರುವುದು ಅಳುವನ್ನು ಉದ್ದ ಮಾಡುತ್ತದೆ. ನಿಮ್ಮ ಮುಖ ಇಲ್ಲಿ ಬಹಳ ಮುಖ್ಯ. 1985ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಹಾಸಿನ ಮೇಲೆ ಬಿಟ್ಟರು. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ನೆಲ ತಗ್ಗಿದಂತೆ ಕಾಣುತ್ತಿತ್ತು. ಅಲ್ಲಿ ಮಕ್ಕಳು ತಡೆದು ನಿಂತು ಆಚೆ ದಡದ ಅಮ್ಮನ ಮುಖ ನೋಡಿದರು. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಂದಿ ದಾಟಿದರು. ಭಯದ ಮುಖ ಮಾಡಿದಾಗ 17ರಲ್ಲಿ ಒಬ್ಬರೂ ದಾಟಲಿಲ್ಲ. ಅಮ್ಮಂದಿರು ಒಂದು ಮಾತೂ ಆಡಿರಲಿಲ್ಲ. ನಿಮಗೆ ಅಳು ಬರುವುದು ಸಹಜ, ಬರಲಿ, ಗೇಟಿನಾಚೆ ಬರಲಿ. ಮುಖದ ಮೇಲೆ ಹಿಡಿತ ಸಿಗುವುದಿಲ್ಲ ಅನ್ನಿಸಿದರೆ ಮೊದಲ ಎರಡು ವಾರ ಬಿಡುವ ಕೆಲಸ ಯಜಮಾನರಿಗೆ ವಹಿಸಿ, ಕರೆತರುವುದು ನಿಮ್ಮದಾಗಲಿ. ಅಮ್ಮನನ್ನು ಬಿಡಲು ರಚ್ಚೆ ಹಿಡಿಯುವ ಎಷ್ಟೋ ಮಕ್ಕಳು ಅಪ್ಪನಿಗೆ ಕೈ ಬೀಸಿ ಒಳಗೆ ಹೋಗುತ್ತಾರೆ. ಅದರಿಂದ ನೀವು ನೊಂದುಕೊಳ್ಳಬೇಕಾಗಿಲ್ಲ. ಮನೆ ಎಂದರೆ ಅವಳಿಗೆ ನೀವು, ಅದಕ್ಕೇ ನಿಮ್ಮನ್ನು ಬಿಡುವುದು ಕಷ್ಟ.

ಅವಳಿಗೆ ಸದಾ ಹಿಡಿದುಕೊಳ್ಳುವ ಬಟ್ಟೆಯ ತುಂಡೋ ಗೊಂಬೆಯೋ ಇದ್ದರೆ ಶಾಲೆ ಬಂತೆಂದು ಬಿಡಿಸಲು ಹೋಗಬೇಡಿ. ಬ್ರಿಟನ್ನಿನ ಶಿಶುವೈದ್ಯ ಡೊನಾಲ್ಡ್ ವಿನಿಕಾಟ್ 1951ರಷ್ಟು ಹಿಂದೆಯೇ ಇಂಥ ವಸ್ತುಗಳ ಬಗ್ಗೆ ವಿವರವಾಗಿ ಹೇಳಿದ್ದರು: ಅದು ಅಮ್ಮನಿಗೂ ಹೊರಜಗತ್ತಿಗೂ ನಡುವಿನ ಸಂಗಾತಿ, ಬೆಳೆಯುತ್ತ ತಾನಾಗಿ ಮೂಲೆ ಸೇರುತ್ತದೆ. ಶಾಲೆಯವರು ಒಪ್ಪಿದರೆ ಚೀಲದಲ್ಲಿರಲಿ. ಒಪ್ಪದಿದ್ದರೆ ನಿಮ್ಮ ಒಂದು ಕರವಸ್ತ್ರ ಜೇಬಿನಲ್ಲಿ ಹಿಡಿಸುತ್ತದೆ.

ಶೌಚದ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಾನು ಇನ್ನೂ ಸ್ವಲ್ಪ ಹೇಳಬೇಕು. ಶಾಲೆ ಬೇಡ ಎನ್ನುವ ಮಕ್ಕಳಲ್ಲಿ ಒಂದಷ್ಟು ಮಂದಿಗೆ ನಿಜವಾಗಿ ಬೇಡವಾಗಿರುವುದು ಅಲ್ಲಿನ ಕಕ್ಕಸು. ಮನೆಯದಕ್ಕಿಂತ ಬೇರೆ ಥರದ್ದು, ಚಿಲಕ ಸಿಗುವುದಿಲ್ಲ, ನೀರು ನುಗ್ಗುವ ಸದ್ದಿಗೆ ಭಯ, ಒಳಗೆ ಕತ್ತಲು. ಮಗು ತಡೆದುಕೊಳ್ಳುತ್ತದೆ. ಮೂತ್ರ ತಡೆದರೆ ಚಡ್ಡಿ ಒದ್ದೆಯಾಗುತ್ತದೆ. ಮಲ ತಡೆದರೆ ಅದು ಗಟ್ಟಿಯಾಗಿ, ಹೋಗುವಾಗ ನೋವಾಗಿ, ನೋವಿನ ಭಯಕ್ಕೆ ಇನ್ನಷ್ಟು ತಡೆದು, ತಿಂಗಳುಗಟ್ಟಲೆ ಕಾಡುವ ಮಲಬದ್ಧತೆ ಅಂಟಿಕೊಳ್ಳುತ್ತದೆ. ಶಾಲೆ ನೋಡಲು ಕರೆದುಕೊಂಡು ಹೋದಾಗ ಆಟದ ಜಾಗಕ್ಕಿಂತ ಮೊದಲು ಕಕ್ಕಸು ತೋರಿಸಿ, ಅಲ್ಲಿ ಒಮ್ಮೆ ಕೂರಿಸಿಯೇ ಕರೆತನ್ನಿ. ಮನೆಯಿಂದಾಚೆ ಬೇರೆ ಬೇರೆ ಕಡೆಯ ಕಕ್ಕಸುಗಳೂ ಪರಿಚಯವಾಗಲಿ. ಗುಂಡಿ, ಬಕಲು, ದಾರ ಇಲ್ಲದ, ಎಳೆದರೆ ಜಾರುವ ಎಲಾಸ್ಟಿಕ್ ಚಡ್ಡಿ ಹಾಕಿ. ಚೆಂದದ ಬಟ್ಟೆಗೆ ರಜಾದಿನಗಳಿವೆ. ಒಂದು ಜೊತೆ ಬಟ್ಟೆ ಚೀಲದಲ್ಲಿಟ್ಟು ಎಲ್ಲಿದೆ ಎಂದು ಅವಳಿಗೇ ತೋರಿಸಿ. ‘ಒದ್ದೆಯಾದರೆ ಇದನ್ನು ಹಾಕ್ಕೊಳ್ಳೋದು’ ಎಂದು ಮೊದಲೇ ಹೇಳಿದ್ದರೆ ಆದ ದಿನ ಅವಮಾನವಾಗುವುದಿಲ್ಲ. ಮೊದಲ ವಾರಗಳಲ್ಲಿ ಆಗಿಯೇ ಆಗುತ್ತದೆ, ಹಗಲು ಪೂರ್ತಿ ರೂಢಿಯಾಗಿರುವ ಮಕ್ಕಳಿಗೂ.

ರಾತ್ರಿಯ ಡೈಪರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರಾತ್ರಿ ತಡೆದುಕೊಳ್ಳುವುದು ಕಲಿಸಿ ಬರುವಂಥದ್ದಲ್ಲ, ದೇಹ ಪಕ್ವವಾದಾಗ ಬರುವಂಥದ್ದು. ಐದು ವರ್ಷ ತುಂಬುವವರೆಗೆ ವೈದ್ಯರು ಅದನ್ನು ತೊಂದರೆ ಎಂದು ಹೆಸರಿಸುವುದೂ ಇಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಮನೆಯ ಮಾತನ್ನು ಬಿಟ್ಟು ಶಾಲೆಯ ಭಾಷೆಯಲ್ಲಿ ಮಾತನಾಡಲು ಶುರು ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗಟ್ಟಿಯಾದ ಒಂದು ಭಾಷೆಯ ಮೇಲೆ ಎರಡನೆಯದು ಸಲೀಸಾಗಿ ಕೂರುತ್ತದೆ. ಭಯವಾದಾಗ, ಹೊಟ್ಟೆ ನೋವಾದಾಗ ಹೇಳಿಕೊಳ್ಳಲು ಬೇಕಾದ ಭಾಷೆಯನ್ನೇ ಕಿತ್ತುಕೊಂಡು ಮಗುವನ್ನು ಹೊಸ ಜಾಗಕ್ಕೆ ಕಳಿಸುವುದು ಸರಿಯಲ್ಲ. ಶಾಲೆಯ ಭಾಷೆಯಲ್ಲಿ ಅವಳಿಗೆ ಬೇಕಿರುವುದು ನಾಲ್ಕೈದು ವಾಕ್ಯ: ಸುಸು ಬಂದಿದೆ, ನೀರು ಬೇಕು, ನೋಯುತ್ತಿದೆ, ಇದನ್ನು ತೆಗೆದುಕೊಡಿ, ನನಗೆ ಬೇಡ. ಕೊನೆಯದನ್ನು ಮರೆಯಬೇಡಿ, ಇನ್ನೊಂದು ಮಗು ತಳ್ಳಿದಾಗ, ಕಿತ್ತುಕೊಂಡಾಗ ಅದು ಬೇಕಾಗುತ್ತದೆ. ಗೊಂಬೆಗಳನ್ನು ಕೂರಿಸಿ ಶಾಲೆಯಾಟ ಆಡಿ, ಅವಳೇ ಟೀಚರ್ ಆಗಲಿ, ಸುಸು ಬಂದ ಗೊಂಬೆ ನೀವಾಗಿ. ಇತ್ತ ಟೀಚರ್‌ಗೂ ಒಂದು ಚೀಟಿ ಬರೆದುಕೊಡಿ: ಮೂತ್ರಕ್ಕೆ, ಮಲಕ್ಕೆ, ನೋವಿಗೆ ಅವಳು ಮನೆಯಲ್ಲಿ ಬಳಸುವ ಪದ ಯಾವುದು, ಯಾವ ಅಡ್ಡಹೆಸರಿಗೆ ಓಗೊಡುತ್ತಾಳೆ, ಅತ್ತಾಗ ಬೆನ್ನು ಸವರಿದರೆ ಇಷ್ಟವೋ, ಮುಟ್ಟದೆ ಪಕ್ಕದಲ್ಲಿ ಕುಳಿತರೆ ಇಷ್ಟವೋ. ಆ ಚೀಟಿಯಿಂದ ಆಗುವ ಉಪಕಾರ ಎಷ್ಟೋ ಅಕ್ಷರಾಭ್ಯಾಸದಿಂದ ಆಗುವುದಿಲ್ಲ.

ಹೊಸ ಭಾಷೆಯ ನಡುವೆ ಹೋದ ಮಗು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು, ಸುಮ್ಮನೆ ಕೇಳಿಸಿಕೊಳ್ಳುತ್ತದೆ. ತುಟಿ ಬಿಚ್ಚದಿದ್ದರೂ ಹೇಳಿದ್ದನ್ನು ಮಾಡುತ್ತದೆ, ಆಟಕ್ಕೆ ಸೇರುತ್ತದೆ, ತಲೆಯಾಡಿಸುತ್ತದೆ. ಇದು ಕಲಿಯುವ ಮೌನ. ಆತುರ ಮಾಡಬೇಡಿ.

ಶಾಲೆಗೆ ಸೇರಿಸುವ ಮೊದಲು ಕಿವಿ, ಕಣ್ಣು ತೋರಿಸಿ. ಪದೇ ಪದೇ ನೆಗಡಿಯಾಗುವ ಮಕ್ಕಳ ಕಿವಿಯ ಪರದೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾಗಿರಬಹುದು. ಮನೆಯಲ್ಲಿ ಹತ್ತಿರ ಕೂತು ಮಾತನಾಡುವುದರಿಂದ ಗೊತ್ತಾಗುವುದಿಲ್ಲ, ಗದ್ದಲದ ತರಗತಿಯಲ್ಲಿ ಅದೇ ಮಗು ‘ಹೇಳಿದ್ದು ಕೇಳಲ್ಲ’ ಎನ್ನಿಸಿಕೊಳ್ಳುತ್ತದೆ. ಒಂದೇ ಕಣ್ಣು ಮಂದವಾಗಿದ್ದರೆ ಮಗುವಿಗೆ ತಾನೇ ಗೊತ್ತಾಗದು. ಏಳು ವರ್ಷದೊಳಗೆ ಹಿಡಿದರೆ ಚಿಕಿತ್ಸೆ ಚೆನ್ನಾಗಿ ಹತ್ತುತ್ತದೆ.

ನಿದ್ದೆ, ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರರಿಂದ ಐದು ವರ್ಷದವರಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಶಾಲೆಗೆ ಏಳಬೇಕಾದ ಹೊತ್ತನ್ನು ಲೆಕ್ಕ ಹಾಕಿ, ಎರಡು ಮೂರು ವಾರ ಮೊದಲೇ ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮಲಗುವ ಹೊತ್ತನ್ನು ಹಿಂದೆ ತನ್ನಿ. ಧಾವಂತದ ಬೆಳಗು ಬಾಗಿಲ ಅಳುವಿಗೆ ಅರ್ಧ ಕಾರಣ. ಊಟಕ್ಕೆ ಮಾತ್ರ ಒಂದು ಷರತ್ತು: ಕಥೆ ಹೇಳಿ, ಫೋನ್ ತೋರಿಸಿ ತಿನ್ನಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಅವಳ ಡಬ್ಬಿಯನ್ನು ಅವಳೇ ತೆಗೆದು, ಚೆಲ್ಲಿದರೂ ಪರವಾಗಿಲ್ಲ, ತಾನೇ ತಿನ್ನಲಿ. ಎಷ್ಟು ತಿಂದಳು ಎಂಬುದು ಮೊದಲ ತಿಂಗಳ ಚಿಂತೆಯಲ್ಲ.

ಶಾಲೆ ಎಂಬುದು ಮನೆಯ ಮಾತಿನಲ್ಲಿ ಹೇಗೆ ಬರುತ್ತದೆ ಎಂಬುದರ ಮೇಲೂ ಕಣ್ಣಿರಲಿ. ‘ಹೀಗೇ ಹಟ ಮಾಡು, ಶಾಲೇಲಿ ಟೀಚರ್ ಸರಿ ಮಾಡ್ತಾರೆ’ ಎಂದು ಒಮ್ಮೆ ಹೇಳಿದರೂ ಮುಗಿಯಿತು, ಯಾರ ಹತ್ತಿರ ಸಹಾಯ ಕೇಳಲಿ ಎಂದು ನಾವು ಕಲಿಸುತ್ತಿದ್ದೇವೋ ಅವರನ್ನೇ ಗುಮ್ಮ ಮಾಡಿಟ್ಟ ಹಾಗಾಯಿತು. ಅದರ ಎದುರು ತುದಿಯೂ ಒಳ್ಳೆಯದಲ್ಲ. ‘ತುಂಬಾ ಮಜಾ ಇರುತ್ತೆ’ ಎಂದು ನಂಬಿಸಿದರೆ ಮೊದಲ ದಿನವೇ ಮೋಸ ಹೋದೆ ಅನ್ನಿಸುತ್ತದೆ. ಏನಿದೆಯೋ ಅದನ್ನೇ ಹೇಳಿ: ಚಪ್ಪಲಿ ಇಲ್ಲಿ ಬಿಡುವುದು, ಚೀಲ ಇಲ್ಲಿ ನೇತುಹಾಕುವುದು, ಆಟ, ಊಟ, ಹಾಡು, ಆಮೇಲೆ ಅಮ್ಮ.

ಸೇರಿಸಿದ ಮೇಲೆ ಕೆಲವು ಸಂಗತಿಗಳು ನಿಮ್ಮನ್ನು ಗಾಬರಿಗೊಳಿಸಬಹುದು. ಶಾಲೆಯಲ್ಲಿ ಜಾಣೆಯಾಗಿದ್ದವಳು ಮನೆಗೆ ಕಾಲಿಟ್ಟೊಡನೆ ಸಣ್ಣ ಕಾರಣಕ್ಕೆ ನೆಲಕ್ಕೆ ಬಿದ್ದು ಹೊರಳಾಡಿ ಅಳುತ್ತಾಳೆ. ಅಲ್ಲಿ ಇಡೀ ದಿನ ಬಿಗಿಹಿಡಿದದ್ದನ್ನು ನಿಮ್ಮ ಹತ್ತಿರ ಸಡಿಲಬಿಡುತ್ತಿದ್ದಾಳೆ. ಆಗ ಏನಾದರೂ ತಿನ್ನಲು ಕೊಟ್ಟು, ಅರ್ಧ ಗಂಟೆ ಏನನ್ನೂ ಕೇಳದೆ ಇರಿ. ‘ಇವತ್ತು ಏನು ಕಲಿತೆ?’ ಎಂಬ ಪ್ರಶ್ನೆಗೆ ಈ ವಯಸ್ಸಿನಲ್ಲಿ ಉತ್ತರವಿಲ್ಲ. ‘ಯಾರ ಪಕ್ಕ ಕೂತು ಊಟ ಮಾಡಿದೆ?’ ಎಂದು ಸ್ನಾನದ ಹೊತ್ತಿಗೆ ಕೇಳಿದರೆ ಮಾತು ಹೊರಡುತ್ತದೆ. ಬಿಟ್ಟಿದ್ದ ಬೆರಳು ಚೀಪುವಿಕೆ ಮರಳಬಹುದು, ‘ನೀನೇ ತಿನ್ನಿಸು’ ಎನ್ನಬಹುದು. ಕೆಲವು ವಾರ ಮಗುವಾಗಲು ಬಿಡಿ. ನೆಗಡಿ ಕೆಮ್ಮಂತೂ ಬರುತ್ತಲೇ ಇರುತ್ತವೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರೆಂಟು ಸಲ ನೆಗಡಿ ಸಾಮಾನ್ಯ, ಗುಂಪಿಗೆ ಸೇರಿದ ಮೊದಲ ವರ್ಷ ಇನ್ನೂ ಹೆಚ್ಚು.

ಇನ್ನೊಂದು ವಿಚಿತ್ರವೂ ಉಂಟು. ಮೊದಲ ವಾರ ನಗುನಗುತ್ತ ಹೋದ ಮಗು ಮೂರನೆಯ ವಾರ ಅಳಲು ಶುರು ಮಾಡುತ್ತದೆ. ಹೊಸತು ಹಳತಾಯಿತು, ಇದು ದಿನವೂ ಇರುವಂಥದ್ದು ಎಂದು ಆಗಷ್ಟೇ ಹೊಳೆದಿರುತ್ತದೆ. ರಜೆಯ ಮಾರನೆಯ ದಿನ, ಜ್ವರ ಬಂದು ಎದ್ದ ದಿನವೂ ಹಾಗೆಯೇ. ಹೊಸದಾಗಿ ಹೊರಟ ಅಳುವಾದ್ದರಿಂದ ಅಲ್ಲಿ ಏನಾದರೂ ಆಯಿತೇ ಎಂದು ಟೀಚರ್ ಹತ್ತಿರ ವಿಚಾರಿಸಿ. ಏನೂ ಆಗಿಲ್ಲವೆಂದಾದರೆ ಅದೇ ಚಿಕ್ಕ ಬೀಳ್ಕೊಡುಗೆಯನ್ನು ಮುಂದುವರಿಸಿ.

ಯಾವಾಗ ಚಿಂತೆ ಮಾಡಬೇಕು? ನೀವು ಹೊರಟ ಹತ್ತು ಹದಿನೈದು ನಿಮಿಷದಲ್ಲಿ ಅಳು ನಿಲ್ಲುತ್ತದೆಯೇ ಎಂದು ಕೇಳಿ. ನಿಲ್ಲುತ್ತದೆ ಎಂದಾದರೆ ಬಾಗಿಲ ಅಳು ಎಷ್ಟೇ ಜೋರಿದ್ದರೂ ಹೆದರಬೇಕಿಲ್ಲ. ಒಂದೂವರೆ ತಿಂಗಳು ಕಳೆದರೂ ದಿನವಿಡೀ ಅಳುತ್ತಿದ್ದರೆ, ಅಲ್ಲಿ ಏನನ್ನೂ ತಿನ್ನದೆ ಕುಡಿಯದೆ ಬರುತ್ತಿದ್ದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಹೊತ್ತು ಕಡಿಮೆ ಮಾಡಿ, ಶಾಲೆಯವರ ಜೊತೆ ಕೂತು ಮಾತನಾಡಿ. ಕೆಲವು ತಿಂಗಳು ತಡೆದು ಸೇರಿಸಿದರೂ ಯಾವ ನಷ್ಟವೂ ಇಲ್ಲ. ಮೈಮೇಲೆ ಗಾಯ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ನಡುಕ ಇದ್ದರೆ ಒಂದು ದಿನವೂ ಕಾಯಬೇಡಿ.

ನಿಮ್ಮ ಮಗಳ ಸ್ವಭಾವ ನೋಡಿ ಒಂದು ಮಾತು ವಿಶೇಷವಾಗಿ ಹೇಳುತ್ತೇನೆ. ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಶಾಲೆಯಲ್ಲಿ ಯಾರೊಂದಿಗೂ, ಮಕ್ಕಳೊಂದಿಗೂ, ಒಂದು ಪದವೂ ಆಡದೆ ಇರುವ ಸ್ಥಿತಿಯೊಂದಿದೆ. ಅದು ಹಟವಲ್ಲ, ಆತಂಕದಿಂದ ಗಂಟಲು ಕಟ್ಟಿದ ಹಾಗೆ. ಶಾಲೆಯ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೊಸ ಭಾಷೆಯಿಂದ ಬಂದ ಮೌನವನ್ನೂ ಬಿಟ್ಟು ನೋಡಬೇಕು. ಆಟಕ್ಕೂ ಸೇರದೆ, ತಲೆಯನ್ನೂ ಆಡಿಸದೆ ಮರಗಟ್ಟಿ ನಿಂತಿರುತ್ತಾಳೆ, ಮನೆಯ ಭಾಷೆ ಬಲ್ಲವರ ಜೊತೆಯೂ ಅಲ್ಲಿ ಮಾತಿಲ್ಲ ಎಂದಾದರೆ ‘ದೊಡ್ಡವಳಾದ ಮೇಲೆ ಸರಿಹೋಗುತ್ತದೆ’ ಎಂದು ವರ್ಷ ಕಳೆಯಬೇಡಿ. ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ, ಬೇಗ ಶುರು ಮಾಡಿದಷ್ಟೂ ಚಿಕಿತ್ಸೆ ಸುಲಭ. ಹೋಗುವಾಗ ಮನೆಯಲ್ಲಿ ಅವಳು ಹರಟುವ ಒಂದೆರಡು ನಿಮಿಷದ ವಿಡಿಯೊ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ಅವಳು ಬಾಯಿ ಬಿಡುವುದಿಲ್ಲ, ಅವಳ ಮಾತು ಹೇಗಿದೆ ಎಂದು ಅವರಿಗೆ ತಿಳಿಯಲು ಅದೊಂದೇ ದಾರಿ.